ತಪಸಿ ಮರ: ನಮ್ಮ ನಾಡಿನ ಎಲ್ಮ್ ಗುರುತು ಹಿಡಿಯುವುದು ಹೇಗೆ?

ಒಂದು ಮಾರ್ಚ್ ತಿಂಗಳಲ್ಲಿ ಕೆರೆ ಏರಿಯ ಮೇಲೆ ಒಂದು ದೊಡ್ಡ ಮರ ಕಂಡಿತ್ತು. ಸುತ್ತಲಿನ ಮರಗಳೆಲ್ಲ ಬೋಳು. ಇದೊಂದು ಮಾತ್ರ ತಿಳಿ ಹಸಿರಿನಿಂದ ತುಂಬಿತ್ತು. ಎಷ್ಟು ಚೆನ್ನಾಗಿ ಚಿಗುರಿದೆ ಅಂದುಕೊಂಡು ಹತ್ತಿರ ಹೋದೆ. ನೋಡಿದರೆ ಮರದಲ್ಲಿ ಒಂದೂ ಎಲೆ ಇರಲಿಲ್ಲ! ದೂರದಿಂದ ಚಿಗುರು ಅನ್ನಿಸಿದ್ದೆಲ್ಲ ಕಾಯಿ. ಹತ್ತು ರೂಪಾಯಿ ನಾಣ್ಯದಷ್ಟು ಅಗಲದ, ಹಪ್ಪಳದ ಹಾಗೆ ತೆಳ್ಳಗಿನ ಹಸಿರು ಬಿಲ್ಲೆಗಳು ಗೊಂಚಲು ಗೊಂಚಲಾಗಿ ಜೋತಿದ್ದವು. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜ ಹೇಳಿದರು: "ತಪಸಿ ಕಣಪ್ಪ ಅದು."

ತಪಸಿ, ತಪಸೆ, ತವಸಿ, ರಾಹುಬೀಜ. ಊರಿಗೊಂದು ಹೆಸರು. ಇಂಗ್ಲಿಷಿನಲ್ಲಿ ಇಂಡಿಯನ್ ಎಲ್ಮ್. ಸಸ್ಯಶಾಸ್ತ್ರದ ಹೆಸರು ಹೊಲೊಪ್ಟೆಲಿಯ ಇಂಟೆಗ್ರಿಫೋಲಿಯ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಇದರ ಸಸಿ ಬೆಳೆಸುತ್ತಾರೆ. ಬಯಲುಸೀಮೆಯ ಕುರುಚಲು ಕಾಡು, ಎಲೆ ಉದುರುವ ಕಾಡು, ಊರಂಚು, ಕೆರೆ ಏರಿ, ಹಳೆಯ ಸಾಲುಮರಗಳ ರಸ್ತೆ, ಇಲ್ಲೆಲ್ಲ ಇರುತ್ತದೆ. ಆದರೂ ಬೇವು, ಹೊಂಗೆ, ಹುಣಸೆಯ ಹಾಗೆ ಇದನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಯಾಕೆ ಅಂದರೆ ಕಣ್ಣಿಗೆ ಹೊಡೆಯುವ ಹೂವಿಲ್ಲ, ಬಾಯಿಗೆ ರುಚಿಸುವ ಹಣ್ಣಿಲ್ಲ. ಎಲೆ ನೋಡಿದರೆ "ಯಾವುದೋ ಒಂದು ಮರದ ಎಲೆ" ಅನ್ನುವಷ್ಟು ಸಾಧಾರಣ.

ಪುಸ್ತಕ ಓದಿ ಎಲ್ಮ್ ಹುಡುಕಲು ಹೊರಟವರಿಗೆ ಈ ಮರ ಇನ್ನೊಂದು ತರಹ ಮೋಸ ಮಾಡುತ್ತದೆ. ಯುರೋಪು, ಅಮೆರಿಕದ ಎಲ್ಮ್ ಮರಗಳ ಎಲೆಗೆ ಎರಡು ದೊಡ್ಡ ಗುರುತುಗಳಿವೆ. ಒಂದು, ಅಂಚಿನ ಸುತ್ತ ಗರಗಸದ ಹಲ್ಲು. ಎರಡು, ತೊಟ್ಟು ಸೇರುವ ಜಾಗದಲ್ಲಿ ಎಲೆಯ ಒಂದು ಮಗ್ಗುಲು ಮೇಲೆ, ಇನ್ನೊಂದು ಮಗ್ಗುಲು ಕೆಳಗೆ. ದರ್ಜಿ ಅಳತೆ ತಪ್ಪಿ ಕತ್ತರಿಸಿದ ಹಾಗೆ. ನಮ್ಮ ತಪಸಿಯ ಬೆಳೆದ ಎಲೆಯಲ್ಲಿ ಹಲ್ಲೂ ಇಲ್ಲ, ಅಂಥ ಸೊಟ್ಟವೂ ಇಲ್ಲ. ಅಂಚು ನಯ, ಬುಡ ಹೆಚ್ಚುಕಡಿಮೆ ಸಮ. ಈ ನಯವಾದ ಅಂಚೇ ಅದರ ಹೆಸರಿಗೂ ಬಂದಿದೆ. ಇಂಟೆಗ್ರಿಫೋಲಿಯ ಅಂದರೆ ಅಂಚು ಮುರಿಯದ, ಇಡಿಯಾದ ಎಲೆಯದ್ದು ಅಂತ ಅರ್ಥ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಕೋರಮಂಡಲ ತೀರದ ಗಿಡಮರಗಳನ್ನು ಚಿತ್ರ ಸಮೇತ ದಾಖಲಿಸಿದ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ಮೊದಲು ಎಲ್ಮ್‌ಗಳ ಗುಂಪಿಗೇ, ಅಂದರೆ ಉಲ್ಮಸ್ ಕುಲಕ್ಕೇ ಸೇರಿಸಿದ್ದರು. 1848ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಪ್ಲಾಂಶೋನ್ ಇದಕ್ಕೆ ಬೇರೆ ಕುಲ ಮಾಡಿದರು. ಕುಲ ಬೇರೆಯಾದರೂ ಕುಟುಂಬ ಬದಲಾಗಲಿಲ್ಲ. ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದ ಹಾಗೆ ಅಷ್ಟೇ. ತಪಸಿಯ ಕುಲದಲ್ಲಿ ಇರುವುದು ಎರಡೇ ಜಾತಿ. ಇನ್ನೊಂದು ಆಫ್ರಿಕದಲ್ಲಿದೆ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ನಾನು ತೊಗಟೆಯಿಂದ ಶುರು ಮಾಡುತ್ತೇನೆ. ಎಲೆ, ಕಾಯಿ ಇಲ್ಲದ ಕಾಲದಲ್ಲೂ ಅದು ಕಣ್ಣೆದುರೇ, ಕೈಗೆ ಸಿಗುವ ಎತ್ತರದಲ್ಲಿ ಇರುತ್ತದೆ.

ತಪಸಿಯ ತೊಗಟೆ ಬೂದಿ ಬಣ್ಣ. ಬಿಸಿಲು ಬಿದ್ದಾಗ ಬಿಳಿಚಿದ ಬೂದಿ. ಎಳೆಯ ಮರದಲ್ಲಿ ನಯವಾಗಿರುತ್ತದೆ, ಆದರೆ ಪೂರ್ತಿ ನುಣುಪಲ್ಲ. ಅಂಗೈ ಸವರಿದರೆ ಸಣ್ಣ ಸಣ್ಣ ಗುಳ್ಳೆಗಳು ತಾಗುತ್ತವೆ. ಬೆವರುಸಾಲೆ ಎದ್ದ ಬೆನ್ನು ಮುಟ್ಟಿದ ಹಾಗೆ ಅಂತಿಟ್ಟುಕೊಳ್ಳಿ. ಇವು ಮರ ಗಾಳಿಯಾಡಲು ಮಾಡಿಕೊಂಡ ಕಿಂಡಿಗಳು. ಬಹಳ ಮರಗಳಲ್ಲಿ ಇರುತ್ತವೆ, ತಪಸಿಯಲ್ಲಿ ಕಣ್ಣಿಗೂ ಕೈಗೂ ಚೆನ್ನಾಗಿ ಸಿಗುತ್ತವೆ. ಮರಕ್ಕೆ ವಯಸ್ಸಾದಂತೆ ತೊಗಟೆ ಬೆಂಡಿನ ಹಾಗೆ ಹಗುರಾಗಿ, ಅಂಕುಡೊಂಕು ಚಕ್ಕೆಗಳಾಗಿ ಏಳುತ್ತದೆ. ಚಕ್ಕೆ ಬಿದ್ದ ಜಾಗ ಸ್ವಲ್ಪ ತಗ್ಗಾಗಿ, ಬೇರೆ ಬಣ್ಣವಾಗಿ ಉಳಿಯುತ್ತದೆ. ಸುಣ್ಣ ಎದ್ದ ಹಳೆ ಗೋಡೆಯ ನೆನಪಾಗುತ್ತದೆ. ಆದರೆ ಬೇವು ಅಥವಾ ಮಾವಿನ ಹಾಗೆ ಆಳವಾದ ಉದ್ದ ಸೀಳುಗಳು ಇದಕ್ಕಿಲ್ಲ. ಬೂದಿ ಬಣ್ಣ, ಗುಳ್ಳೆ, ಚಕ್ಕೆ. ಈ ಮೂರೂ ಒಟ್ಟಿಗೆ ಇದ್ದರೆ ತಪಸಿ ಇರಬಹುದು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇರಬಹುದು, ಅಷ್ಟೇ. ಇಷ್ಟಕ್ಕೇ ತೀರ್ಪು ಕೊಡಬೇಡಿ.

ಒಳತೊಗಟೆ ತಿಳಿ ಹಳದಿ. ಅದರಲ್ಲಿ ನಾರು ಜಾಸ್ತಿ. ತೆಲುಗಿನಲ್ಲಿ ಈ ಮರಕ್ಕೆ ನೆಮಲಿನಾರ ಅನ್ನುವ ಹೆಸರಿದೆ. ನಾರ ಅಂದರೆ ನಮ್ಮ ನಾರೇ. ಹಾಗಂತ ನೋಡುವುದಕ್ಕೆ ಚಾಕು ಹಾಕಬೇಡಿ. ಹಸಿ ತೊಗಟೆಗೆ ಗಾಯವಾದರೆ ಒಂದು ಕೆಟ್ಟ ವಾಸನೆ ಬರುತ್ತದೆ, ಆದರೆ ಅದೇ ವಾಸನೆ ಎಲೆಯಲ್ಲೂ ಇದೆ. ಒಂದು ಎಲೆ ಹಿಸುಕಿದರೆ ಸಾಕು, ಮರಕ್ಕೆ ಗಾಯ ಮಾಡುವ ಅಗತ್ಯವಿಲ್ಲ.

ಈಗ ರೆಂಬೆ. ಇಡೀ ಮರ ಎತ್ತರ, 18-20 ಮೀಟರ್ ಸಲೀಸಾಗಿ ಹೋಗುತ್ತದೆ. ದೊಡ್ಡ ಕೊಂಬೆಗಳು ಮೇಲಕ್ಕೆದ್ದು ಹರಡುತ್ತವೆ, ತುದಿಯ ಸಣ್ಣ ರೆಂಬೆಗಳು ಹೊರಕ್ಕೆ ಬಾಗಿ ಇಳಿಬೀಳುತ್ತವೆ. ಜಾಗ ಸಿಕ್ಕಿದ ಮರಕ್ಕೆ ಒಳ್ಳೆ ಅಗಲದ ತಲೆ, ದಟ್ಟ ನೆರಳು. ರಸ್ತೆ ಬದಿಯಲ್ಲಿ ನೆಡುವುದು ಅದಕ್ಕೇ. ಆದರೆ ಮರದ ಆಕಾರ ನಂಬಿ ಹೆಸರು ಹೇಳಬೇಡಿ. ನಗರದಲ್ಲಿ ಕರೆಂಟ್ ತಂತಿಗೆ ತಾಗುತ್ತದೆ ಅಂತ ಒಂದು ಮಗ್ಗುಲು ಕಡಿದಿರುತ್ತಾರೆ, ಹಳ್ಳಿಯಲ್ಲಿ ಸೌದೆಗೆ ಇನ್ನೊಂದು ಮಗ್ಗುಲು ಹೋಗಿರುತ್ತದೆ. ಉಳಿದ ಆಕಾರ ಮರದ್ದಲ್ಲ, ಮಚ್ಚಿನದು.

ಅದಕ್ಕಿಂತ ನಿಮ್ಮ ಕೈಗೆಟುಕುವ ಒಂದು ಪೆನ್ಸಿಲ್ ದಪ್ಪದ ರೆಂಬೆ ಹಿಡಿದು ನೋಡಿ. ಎಲೆಗಳು ಎದುರುಬದುರು ಜೋಡಿಯಾಗಿ ಇವೆಯೋ, ಅಥವಾ ಒಂದು ಎಡಕ್ಕೆ, ಸ್ವಲ್ಪ ಮುಂದೆ ಒಂದು ಬಲಕ್ಕೆ, ಮತ್ತೆ ಒಂದು ಎಡಕ್ಕೆ ಹೀಗೆ ಇವೆಯೋ? ತಪಸಿಯಲ್ಲಿ ಎರಡನೆಯದು. ಎಡ ಬಲ, ಎಡ ಬಲ. ಅದೂ ರೆಂಬೆಯ ಸುತ್ತ ತಿರುಗಿಕೊಂಡು ಹೋಗುವುದಿಲ್ಲ, ಎರಡೇ ಸಾಲಿನಲ್ಲಿ ಮಟ್ಟಸವಾಗಿ ನಿಲ್ಲುತ್ತವೆ. ಇಡೀ ರೆಂಬೆಯನ್ನು ಮೇಜಿನ ಮೇಲೆ ಇಟ್ಟರೆ ಎಲ್ಲ ಎಲೆಗಳೂ ಹಾಸಿದ ಹಾಗೆ ಕೂರುತ್ತವೆ. ಇದು ಎಲ್ಮ್ ಮನೆತನದ ಚಾಳಿ. ಲಂಡನ್ನಿನ ಎಲ್ಮ್ ಆಗಲಿ, ಕೋಲಾರದ ತಪಸಿ ಆಗಲಿ, ಈ ಎರಡು ಸಾಲಿನ ಜೋಡಣೆ ತಪ್ಪುವುದಿಲ್ಲ.

ಇಲ್ಲೇ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಮರ ಗುರುತಿಸಲು ಹೊರಟ ಹತ್ತರಲ್ಲಿ ಎಂಟು ಜನ ಎಡವುವ ಜಾಗ ಇದು. ನಾವು "ಎಲೆ" ಅಂದುಕೊಂಡದ್ದು ನಿಜಕ್ಕೂ ಎಲೆಯೇ, ಅಥವಾ ಎಲೆಯ ಒಂದು ಚೂರೇ? ಹೊಂಗೆ ನೋಡಿ. ಒಂದು ಕಡ್ಡಿ, ಅದರಲ್ಲಿ ಐದು ಅಥವಾ ಏಳು ಹಸಿರು ತುಂಡುಗಳು, ತುದಿಯಲ್ಲಿ ಒಂಟಿ. ಆ ಇಡೀ ಕಡ್ಡಿಯೇ ಒಂದು ಎಲೆ. ಆ ತುಂಡುಗಳು ಬರೀ ಎಲೆಗರಿಗಳು. ಪರೀಕ್ಷೆ ಸುಲಭ. ತೊಟ್ಟು ಸೇರುವ ಮೂಲೆಯಲ್ಲಿ ಸಣ್ಣ ಮೊಗ್ಗು ಇದೆಯಾ ನೋಡಿ. ಮೊಗ್ಗಿದ್ದರೆ ಅದು ಪೂರ್ತಿ ಎಲೆ. ಇಲ್ಲದಿದ್ದರೆ ಎಲೆಯ ಚೂರು. ತಪಸಿಯಲ್ಲಿ ಪ್ರತಿ ಎಲೆಯ ಕಂಕುಳಲ್ಲೂ ಪುಟ್ಟ ಮೊಗ್ಗಿದೆ. ದೂರದಿಂದ ಎರಡೂ ಮರದ ಎಲೆ ಒಂದೇ ಅಳತೆ, ಒಂದೇ ಹಸಿರು ಅನ್ನಿಸಬಹುದು. ಈ ಒಂದು ಮೊಗ್ಗು ನೋಡಿದರೆ ಹೊಂಗೆ ಅಲ್ಲೇ ಬೇರೆಯಾಗುತ್ತದೆ.

ಎಲೆಯ ಅಳತೆ ಸಾಮಾನ್ಯವಾಗಿ 8ರಿಂದ 13 ಸೆಂಟಿಮೀಟರ್ ಉದ್ದ, 3ರಿಂದ 6 ಸೆಂಟಿಮೀಟರ್ ಅಗಲ. ಮೊಟ್ಟೆಯಾಕಾರ, ತುದಿ ಚೂಪು. ಬುಡ ದುಂಡಗೆ, ಕೆಲವು ಎಲೆಯಲ್ಲಿ ಸ್ವಲ್ಪ ಒಳಕ್ಕೆ ಬಾಗಿ ಹೃದಯದ ಆಕಾರ. ತೊಟ್ಟು ಗಿಡ್ಡ, ಒಂದು ಸೆಂಟಿಮೀಟರ್ ಆಸುಪಾಸು. ನಡುನರದಿಂದ ಐದರಿಂದ ಎಂಟು ಜೊತೆ ನರಗಳು ಹೊರಡುತ್ತವೆ. ನಿಜವಾದ ಎಲ್ಮ್‌ಗಳಲ್ಲಿ ಈ ನರಗಳು ಬಾಚಣಿಗೆಯ ಹಲ್ಲಿನ ಹಾಗೆ ನೇರ ಹೋಗಿ ಅಂಚಿಗೆ ಮುಟ್ಟುತ್ತವೆ. ತಪಸಿಯಲ್ಲಿ ಅಂಚು ಮುಟ್ಟುವ ಮುಂಚೆಯೇ ಬಾಗುತ್ತವೆ. ಎಲೆಯನ್ನು ಆಕಾಶಕ್ಕೆ ಹಿಡಿದು ನೋಡಿ, ಚೆನ್ನಾಗಿ ಕಾಣುತ್ತದೆ.

ಆಮೇಲೆ ಎಲೆ ಹಿಸುಕಿ ಮೂಸಿ. ಈ ವಾಸನೆಯನ್ನು ವರ್ಣಿಸುವುದು ಕಷ್ಟ. ಸುವಾಸನೆಯಂತೂ ಅಲ್ಲ. ಮುಖ ಕಿವುಚುವಂತಾಗುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಚಿರಬಿಲ್ವ ಅನ್ನುವ ಹೆಸರಿನ ಜೊತೆಗೆ ಪೂತಿಕರಂಜ ಅಂತಲೂ ಹೆಸರಿದೆ. ಪೂತಿ ಅಂದರೆ ನಾತ, ಕರಂಜ ಅಂದರೆ ಹೊಂಗೆ. ನಾರುವ ಹೊಂಗೆ! ಹಿಂದಿನವರೂ ಇವೆರಡನ್ನು ಅಕ್ಕಪಕ್ಕ ಇಟ್ಟು ಮೂಗಿನಿಂದಲೇ ಬೇರೆ ಮಾಡಿದ್ದಾರೆ ನೋಡಿ. ಆಯುರ್ವೇದದ ಗಂಧರ್ವಹಸ್ತಾದಿ ಕಷಾಯದಲ್ಲಿ ಚಿರಬಿಲ್ವ ಒಂದು ಭಾಗ. ಹೆಸರಿನಲ್ಲಿ ಕರಂಜ ಇದೆ ಅಂತ ಹೊಂಗೆ ತಂದು ಹಾಕಿದರೆ ಮದ್ದೇ ಬೇರೆಯಾಯಿತು. ಮನೆಮದ್ದಿಗೆ ಅಂತ ಗುರುತು ಹಿಡಿಯಲು ಹೋಗುವವರು ಬಲ್ಲವರನ್ನು ಕೇಳುವುದೇ ಒಳ್ಳೆಯದು.

ಇನ್ನು ನನಗೆ ತುಂಬಾ ಇಷ್ಟವಾದ ಗುರುತಿಗೆ ಬರುತ್ತೇನೆ. ತಪಸಿಯ ಬೆಳೆದ ಎಲೆಗೆ ಹಲ್ಲಿಲ್ಲ ಅಂದೆ. ಆದರೆ ಬೀಜದಿಂದ ಎದ್ದ ಎಳೆ ಸಸಿಯ ಎಲೆಗೆ ಹಲ್ಲಿದೆ! ಕಡಿದ ಮೋಟಿನಿಂದ ಹೊರಟ ಹೊಸ ಚಿಗುರಿನ ಎಲೆಗೂ ಹಲ್ಲಿದೆ. ಒಂದೇ ಮರದ ಬುಡದಲ್ಲಿ ಗರಗಸದಂಥ ಎಲೆ, ಮೇಲೆ ನಯವಾದ ಅಂಚಿನ ಎಲೆ. ಇದು ಗೊತ್ತಿಲ್ಲದವರು ಎರಡು ಬೇರೆ ಗಿಡ ಅಂತ ಬರೆದುಕೊಂಡು ಬರುತ್ತಾರೆ. ಫೋನಿನ ಆ್ಯಪ್‌ಗೆ ಮೋಟಿನ ಚಿಗುರು ತೋರಿಸಿ ನೋಡಿ. ನನಗಂತೂ ಅದು ಒಂದೊಂದು ಸಲ ಒಂದೊಂದು ಹೆಸರು ಹೇಳಿತ್ತು. ಮನೆತನದ ಗರಗಸದ ಅಂಚನ್ನು ತಪಸಿ ಎಳೆತನದಲ್ಲಿ ಇಟ್ಟುಕೊಂಡು, ಬೆಳೆದ ಮೇಲೆ ಬಿಟ್ಟುಬಿಡುತ್ತದೆ. ಹೀಗಾಗಿ ಎಲೆ ಪರೀಕ್ಷೆಗೆ ಬುಡದ ಚಿಗುರು ಆರಿಸಬೇಡಿ. ತಲೆಯ ಮೇಲಿನ ಬಲಿತ ಎಲೆ ಆರಿಸಿ. ಬುಡದ ಎಲೆಯನ್ನು ಎರಡನೇ ಸಾಕ್ಷಿಯಾಗಿ ಇಟ್ಟುಕೊಳ್ಳಿ.

ತಪಸಿ ಅಂತ ಮೋಸ ಹೋಗಬಹುದಾದ ಬೇರೆ ಮರಗಳೂ ಇವೆ. ಬಸರಿ, ಗೋಣಿಯಂಥ ಆಲದ ಜಾತಿಯವುಗಳಿಗೂ ಬೂದು ತೊಗಟೆ, ನಯವಾದ ಅಂಚಿನ ಒಂಟಿ ಎಲೆ. ಎಲೆಯ ತೊಟ್ಟು ಮುರಿಯಿರಿ. ಹಾಲು ಬಂದರೆ ಆಲದ ಬಳಗ. ತಪಸಿಯಲ್ಲಿ ಹಾಲಿಲ್ಲ. ಹೊಳೆ ಬದಿಯಲ್ಲಿ ಹೊಳೆಮತ್ತಿ ಸಿಗುತ್ತದೆ. ಅದರ ಕಾಂಡ ಇನ್ನೂ ಬೆಳ್ಳಗೆ, ಇನ್ನೂ ನುಣುಪು. ತೊಗಟೆ ದೊಡ್ಡ ದೊಡ್ಡ ಹಾಳೆಯಾಗಿ ಬಿಡುತ್ತದೆ. ಅದರ ಎಲೆಗಳು ಹೆಚ್ಚುಕಡಿಮೆ ಎದುರುಬದುರು, ಎಲೆ ಮತ್ತು ತೊಟ್ಟು ಸೇರುವಲ್ಲಿ ಎರಡು ಸಣ್ಣ ಗಂಟು. ಕಾಯಿಗೆ ಐದು ರೆಕ್ಕೆ, ಕೈಗೆ ಗಟ್ಟಿ. ಮಲೆನಾಡಿನ ಕಡೆ ನಂದಿ ಮರಕ್ಕೂ ಬಿಳಿಚಿದ, ಸಿಪ್ಪೆ ಏಳುವ ತೊಗಟೆ ಇದೆ. ಅಲ್ಲೂ ಎಲೆಗಳು ಎದುರುಬದುರು.

ಕಾಯಿ ನೋಡಿ ಮೋಸ ಹೋಗುವುದು ಹೊನ್ನೆಯಲ್ಲಿ. ಹೊನ್ನೆಗೂ ದುಂಡಗಿನ, ಸುತ್ತ ರೆಕ್ಕೆಯಿರುವ ಕಾಯಿ. ನೆಲದ ಮೇಲೆ ಒಣಗಿ ಬಿದ್ದಾಗ ಎರಡೂ ಒಂದೇ ಅನ್ನಿಸುತ್ತವೆ. ಹೊನ್ನೆಯ ಕಾಯಿ ಸಾಮಾನ್ಯವಾಗಿ ದೊಡ್ಡದು, ನಡುವಿನ ಬೀಜದ ಜಾಗ ದಪ್ಪ, ಗಟ್ಟಿ. ತಪಸಿಯದು ನಡುವೆಯೂ ಚಪ್ಪಟೆ, ರೆಕ್ಕೆ ಕಾಗದದ ಹಾಗೆ, ಅದರಲ್ಲಿ ಬಲೆಯಂಥ ನರ, ಮೇಲ್ತುದಿಯಲ್ಲಿ ಒಂದು ಸಣ್ಣ ಕಚ್ಚು. ಆ ಕಚ್ಚಿನಲ್ಲಿ ಎರಡು ಪುಟ್ಟ ಕೋಡು. ಹೂವಿದ್ದಾಗಿನ ಗುರುತು ಅದು. ಅನುಮಾನ ಇದ್ದರೆ ತಲೆ ಎತ್ತಿ ಎಲೆ ನೋಡಿ. ಹೊನ್ನೆಯದು ಹೊಂಗೆಯ ಹಾಗೆ ಎಲೆಗರಿಗಳಿರುವ ಎಲೆ. ಹೊನ್ನೆಯ ತೊಗಟೆಗೆ ಗಾಯವಾದರೆ ರಕ್ತದಂಥ ಕೆಂಪು ಅಂಟು ಬರುತ್ತದೆ, ತಪಸಿಗೆ ಅದೂ ಇಲ್ಲ.

ವರ್ಷವಿಡೀ ಗುರುತುಗಳು ಒಂದೇ ಸಮ ಸಿಗುವುದಿಲ್ಲ, ಅದನ್ನೂ ಹೇಳಬೇಕು. ಮಳೆಗಾಲದಲ್ಲಿ ಎಲೆಯದೇ ರಾಜ್ಯ. ಚಳಿಗಾಲದಲ್ಲಿ ಎಲೆ ಉದುರಿ, ಸಂಕ್ರಾಂತಿಯ ಆಸುಪಾಸಿಗೆ ಮರ ಬೋಳು. ಅದೇ ಹೊತ್ತಿಗೆ ಹೂ ಬಿಡುತ್ತದೆ. ಹೂ ಅಂದರೆ ಹಸಿರು-ಕಂದು ಬಣ್ಣದ ಸಣ್ಣ ಗುಚ್ಛಗಳು, ಎಲೆ ಬಿದ್ದ ಕಲೆಯ ಮೇಲೆ ಅಂಟಿಕೊಂಡಿರುತ್ತವೆ. ದಳವಿಲ್ಲ, ಕಣ್ಣು ಸೆಳೆಯುವ ಬಣ್ಣವಿಲ್ಲ. ಯಾಕೆ ಅಂದರೆ ಇದು ಜೇನುಹುಳುವನ್ನು ಕರೆಯಬೇಕಿಲ್ಲ, ಪರಾಗ ಹೊರುವ ಕೆಲಸ ಗಾಳಿಯದು. ಬೋಳು ಮರದಲ್ಲಿ ಹೂ ಬಿಡುವುದೂ ಅದಕ್ಕೆ ಹೊಂದುತ್ತದೆ, ಎಲೆಗಳು ಅಡ್ಡ ಇಲ್ಲದಿದ್ದರೆ ಗಾಳಿಗೆ ದಾರಿ ಸಲೀಸು. ಇದರ ಇನ್ನೊಂದು ಮುಖವೂ ಇದೆ. ಉತ್ತರ ಭಾರತದ ಊರುಗಳಲ್ಲಿ ಚಳಿ ಮುಗಿಯುವ ಹೊತ್ತಿಗೆ ಸೀನು, ಉಬ್ಬಸ ತರುವ ಮುಖ್ಯ ಪರಾಗಗಳಲ್ಲಿ ತಪಸಿಯದೂ ಒಂದು. ಅಲರ್ಜಿ ಪರೀಕ್ಷೆಯಲ್ಲಿ ಹೊಲೊಪ್ಟೆಲಿಯ ಅನ್ನುವ ಹೆಸರು ಕಂಡರೆ ಅದು ಇದೇ ಮರ.

ಶಿವರಾತ್ರಿಯಿಂದ ಯುಗಾದಿವರೆಗೆ ಕಾಯಿಯ ಕಾಲ. ಆಗ ಗುರುತು ಹಿಡಿಯಲು ಏನೂ ಓದಬೇಕಿಲ್ಲ. ಆ ತಿಳಿ ಹಸಿರು ಬಿಲ್ಲೆಗಳ ಗೊಂಚಲು ಬೇರೆ ಯಾವುದಕ್ಕೂ ಹೋಲುವುದಿಲ್ಲ. ಗಿಳಿಗಳು ಬಂದು ಕೂತು ಬಿಲ್ಲೆ ಕತ್ತರಿಸಿ ಬೀಜ ಮಾತ್ರ ತಿಂದು ಉಳಿದದ್ದನ್ನು ತಲೆ ಮೇಲೆ ಉದುರಿಸುತ್ತವೆ. ಮಂಗಗಳಿಗೆ ಎಳೆ ಎಲೆಯೂ ಸೈ. ಹಳ್ಳಿಯ ಮಕ್ಕಳು ರೆಕ್ಕೆ ಉಜ್ಜಿ ತೆಗೆದು ಒಳಗಿನ ಬೀಜ ತಿನ್ನುತ್ತಾರೆ, ಎಣ್ಣೆಯಂಶದ ಬೀಜ. ಮಹಾರಾಷ್ಟ್ರದ ಕಡೆಯೂ ವಾವಳ ಅನ್ನುವ ಹೆಸರಿನಲ್ಲಿ ಇದನ್ನು ತಿನ್ನುವವರಿದ್ದಾರೆ. ಬಿಸಿಲೇರಿದಂತೆ ಬಿಲ್ಲೆಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಬೇಸಿಗೆಯ ಗಾಳಿಗೆ ತೂರಿಕೊಂಡು ಹೋಗುತ್ತವೆ. ಮರದ ಕೆಳಗಿನ ಮೋರಿ, ಕಾರಿನ ಗಾಜು, ಮಹಡಿಯ ಮೂಲೆ ಎಲ್ಲ ಕಡೆ ಅವೇ.

ಅಮೆರಿಕ, ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಇಲ್ಲಿಯ ಅಭ್ಯಾಸ ಅಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಎರಡು ಸಾಲಿನ ಎಲೆ, ಕಚ್ಚಿರುವ ದುಂಡು ಕಾಯಿ ಅಲ್ಲೂ ಸಿಗುತ್ತವೆ. ಮಿಕ್ಕಿದ್ದಕ್ಕೆ ಹೊಸದಾಗಿ ಕಲಿಯಬೇಕು. ಅಮೆರಿಕನ್ ಎಲ್ಮ್‌ನಲ್ಲಿ ಎಲೆಯ ಅಂಚಿಗೆ ದೊಡ್ಡ ಹಲ್ಲು, ಆ ಹಲ್ಲಿನ ಮೇಲೆ ಮತ್ತೆ ಸಣ್ಣ ಹಲ್ಲು. ಬುಡ ಸೊಟ್ಟ. ಬಲಿತ ತೊಗಟೆಯ ಬಿದ್ದ ಚಕ್ಕೆ ಸಿಕ್ಕರೆ ಮುರಿದು ಅಡ್ಡಕ್ಕೆ ನೋಡಿ. ಕಂದು ಪದರ, ಬೆಳ್ಳಗಿನ ಪದರ, ಮತ್ತೆ ಕಂದು, ಹೀಗೆ ಪಟ್ಟೆ ಪಟ್ಟೆ ಇರುತ್ತದೆ. ಅದರ ಸೋದರ ಸ್ಲಿಪರಿ ಎಲ್ಮ್‌ನಲ್ಲಿ ಈ ಬಿಳಿ ಪದರ ಇಲ್ಲ. ಅದರ ಎಲೆಯ ಮೇಲ್ಮೈ ಉಪ್ಪುಕಾಗದದಷ್ಟು ಒರಟು, ಒಳತೊಗಟೆ ಅಗಿದರೆ ಬೆಂಡೆಕಾಯಿಯ ಲೋಳೆ. ಅಮೆರಿಕನ್ ಎಲ್ಮ್‌ನ ಕಾಯಿಯ ಸುತ್ತ ಸಣ್ಣ ಕೂದಲಿನ ಅಂಚಿದೆ, ಸ್ಲಿಪರಿ ಎಲ್ಮ್‌ನದಕ್ಕಿಲ್ಲ. ಆದರೆ ಅಲ್ಲಿ ದೊಡ್ಡ, ಹಳೆಯ ಎಲ್ಮ್ ಸಿಗುವುದೇ ಅಪರೂಪ. ಡಚ್ ಎಲ್ಮ್ ರೋಗ ಅನ್ನುವ ಶಿಲೀಂಧ್ರ ರೋಗ, ತೊಗಟೆ ಕೊರೆಯುವ ದುಂಬಿಗಳ ಬೆನ್ನೇರಿ ಯುರೋಪಿನಲ್ಲಿ ಹಬ್ಬಿತು. 1930ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಕಾಣಿಸಿಕೊಂಡಿತು. ಬ್ರಿಟನ್ನಿನಲ್ಲಿ 1960ರ ದಶಕದ ಕೊನೆಗೆ ಮತ್ತೆ ಜೋರಾಗಿ ಎದ್ದು, ಕೋಟಿಗಟ್ಟಲೆ ಮರಗಳನ್ನು ತಿಂದುಹಾಕಿತು. ಅಲ್ಲಿ ಎಲ್ಮ್ ಗುರುತು ಹಿಡಿಯುವವರು ಬೇಸಿಗೆಯಲ್ಲಿ ಬಾಡಿ ಹಳದಿಯಾದ ಕೊಂಬೆ ಇದೆಯಾ ಅಂತಲೂ ಜೊತೆಗೇ ನೋಡುತ್ತಾರೆ.

ತಿರುಗಿ ನಮ್ಮ ಊರಿಗೆ ಬಂದರೆ, ಕಲಿಯಲು ಸುಲಭದ ದಾರಿ ಹುಡುಕುವವರಿಗೆ ನನ್ನ ಸಲಹೆ ಇದು. ಮಾರ್ಚಿನಲ್ಲಿ ಕಾಯಿ ಬಿಟ್ಟ ಒಂದು ತಪಸಿಯನ್ನು ಖಚಿತ ಮಾಡಿಕೊಳ್ಳಿ. ಆ ಮರದ ಜಾಗ ಫೋನಿನಲ್ಲಿ ಗುರುತು ಹಾಕಿ. ಆಮೇಲೆ ಅದೇ ಮರದ ಹತ್ತಿರ ಎರಡು ತಿಂಗಳಿಗೊಮ್ಮೆ ಹೋಗಿ. ತೊಗಟೆ ಸವರಿ, ಎಲೆ ಮೂಸಿ, ರೆಂಬೆ ತಿರುಗಿಸಿ ನೋಡಿ. ಹತ್ತು ಬೇರೆ ಬೇರೆ ಮರ ನೋಡುವುದಕ್ಕಿಂತ ಒಂದೇ ಮರವನ್ನು ಆರು ಸಲ ನೋಡುವುದು ಹೆಚ್ಚು ಕಲಿಸುತ್ತದೆ ಅನ್ನುವುದು ನನ್ನ ಅನುಭವ. ನಾನು ಹಾಗೆ ಹೋದದ್ದು ಕೆರೆ ಏರಿಯ ಆ ಮರದ ಹತ್ತಿರವೇ. ಮೊದಲ ಮಳೆ ಬಿದ್ದು ಕೆಲವು ವಾರ ಆಗಿತ್ತು. ಕಲ್ಲುಗಳ ಸಂದಿಯಲ್ಲಿ ಗೇಣುದ್ದದ ಸಸಿಗಳು ಎದ್ದಿದ್ದವು. ಬಗ್ಗಿ ಒಂದು ಎಲೆಯ ಅಂಚಿಗೆ ಬೆರಳು ಆಡಿಸಿದೆ. ಸಣ್ಣಗೆ ಗರಗಸದ ಹಲ್ಲು ತಾಗಿತು.